ಹೈಸ್ಕೂಲಿನಲ್ಲಿ ಎಡವುವ ಮಕ್ಕಳನ್ನು ಕಸುಬಿಗೆ ಸಿದ್ಧಮಾಡುವ ವಿಷಯವಾದ ಪಾಠ



ದಬ್ಬೇಘಟ್ಟದ ಸುತ್ತಲಿನ ತೋಟಗಳಲ್ಲಿ ತೆಂಗಿನ ಕಾಯಿಯು ಹೇಗೆ ಕೊಬ್ಬರಿಯಾಗುತ್ತದೆಂಬದು ನಿಮಗೆಲ್ಲರಿಗೂ ತಿಳಿದದ್ದೇ. ಕಾಯನ್ನು ಅಟ್ಟಕ್ಕೆ ಏರಿಸಿ 8ರಿಂದ 12 ತಿಂಗಳು ಇಡುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಿಟಕು ಸದ್ದು ಮಾಡುವ ವರೆಗೆ ಸುಲಿಯುವವರನ್ನು ಕರೆಯುವದಿಲ್ಲ. ಹಣದ ಅವಸರದಿಂದ ಮುಂಚೆಯೇ ಒಡೆದರೆ ಬೆಲೆ ಕೆಡುತ್ತದೆ. ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ನಾವು ಮಕ್ಕಳ ವಿಷಯದಲ್ಲಿ ಅವಸರಪಡುವದು ಯಾಕೆ? ಈ ತಿಂಗಳಿನ ಪಾಠದಲ್ಲಿ ಇದನ್ನು ವಿಚಾರಿಸೋಣ.

1. ಅಪಾಯವು ಎಲ್ಲಿಂದ ಬರುತ್ತದೆ?

ಮಗನು ಒಂದೇ ದಿನದಲ್ಲಿ ಶಾಲೆ ಬಿಡುವದಿಲ್ಲ. ಮೊದಲು ಕಾಯಿ ಕೀಳುವ ದಿವಸ ತಪ್ಪಿಸಿಕೊಳ್ಳುತ್ತಾನೆ, ಆ ಮೇಲೆ ಸಂತೆಯ ದಿವಸ. ತಪ್ಪಿದ ಲೆಕ್ಕದ ಪಾಠ ತಿಳಿಯದೆ ನಾಚಿಕೊಂಡು, ಕಡೆಯ ಸಾಲಿನಲ್ಲಿ ಮೌನವಾಗಿ ಕೂರುತ್ತಾನೆ. ಅಷ್ಟರಲ್ಲಿ ಕಾಯಿ ಸುಲಿದ ಕೂಲಿಯು ಅದೇ ಸಾಯಂಕಾಲ ಕೈಗೆ ಬರುವದನ್ನು ಕಂಡು, ಪುಸ್ತಕಕ್ಕಿಂತ ಅದೇ ಮೇಲೆಂದು ನೆನಸುತ್ತಾನೆ. ಸುಲಿಯುವ ಕೆಲಸವು ಹೀನವಾದದ್ದಲ್ಲ. ಅದು ಬೆವರಿನ ಅನ್ನವೇ ಸರಿ. ಆದರೆ ಬೇರೇನೂ ಕಲಿಯದವನಿಗೆ ತೋಳಿನ ಬಲವೊಂದೇ ಬಂಡವಾಳ; ವಯಸ್ಸಾದಂತೆ ಆ ಬಂಡವಾಳವು ಕರಗುತ್ತದೆ. ಶಾಲೆ ಬಿಟ್ಟ ಮಗಳ ಪಾಡಾದರೋ ಇನ್ನೂ ಕಷ್ಟ. ಮನೆಯಲ್ಲಿ ಕೂತವಳ ಮದುವೆಯ ಮಾತು ಬೇಗನೆ ಏಳುತ್ತದೆ.

2. ಕಾಯಿದೆಯು ಏನನ್ನುತ್ತದೆ?

ಬಾಲಕಾರ್ಮಿಕರ ವಿಷಯವಾದ 1986ರ ಕಾಯಿದೆಯನ್ನು 2016ರಲ್ಲಿ ತಿದ್ದಿದರು. 14 ವರ್ಷ ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳಬಾರದು; 18 ತುಂಬುವ ವರೆಗೆ ಅಪಾಯದ ಕೆಲಸಗಳಿಗೆ ಹಚ್ಚಬಾರದು. 2006ರ ಕಾಯಿದೆಯ ಪ್ರಕಾರ 18 ತುಂಬದ ಹುಡುಗಿಯ ಮದುವೆಯನ್ನು ಮಾಡಬಾರದು. ಆದಕಾರಣ ಈ ಕೆಲವು ವರುಷಗಳು ಕಲಿಕೆಗಾಗಿ ಕಾದಿಟ್ಟ ಕಾಲವೆಂದು ತಿಳಿಯತಕ್ಕದ್ದು.

3. ಪೂರ್ವದ ಒಂದು ದೃಷ್ಟಾಂತ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಇದೇ ಕಷ್ಟವನ್ನು ಕಂಡರು. ಸಭೆಗೆ ಸೇರಿದ ಅನೇಕರು ಕುಲದವರಿಂದ ಹೊರಗಾಗಿ, ಇದ್ದ ಕಸುಬನ್ನೂ ಕಳಕೊಂಡರು. ಧರ್ಮದ ಅಕ್ಕಿಯಿಂದ ಮನೆ ನಿಲ್ಲುವದಿಲ್ಲವೆಂದು ಮಿಶನಿನವರು ಅವರಿಗೆ ಅಚ್ಚಿನ ಕೆಲಸವನ್ನೂ ನೇಯ್ಗೆಯನ್ನೂ ಕಲಿಸಿದರು. 1865ರಲ್ಲಿ ಪ್ಲೆಬ್ಸ್ತ್ ಎಂಬವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹಂಚಿನ ಕೆಲಸವು ನಿಂತು ಬೆಳೆದದ್ದು ಯಾಕಂದರೆ, ಮಣ್ಣು ಆ ಊರಿನದೇ, ಹಂಚು ಬೇಕಾದವರು ಸುತ್ತಲೂ ಇದ್ದರು. ಊರು ಯಾವದನ್ನು ಕೊಡುತ್ತದೆ, ಯಾವದನ್ನು ಕೇಳುತ್ತದೆ ಎಂಬದನ್ನು ನೋಡಿ ಕಸುಬನ್ನು ಆರಿಸತಕ್ಕದ್ದು.

4. ನಮ್ಮ ಮಕ್ಕಳಿಗೆ ತೆರೆದಿರುವ ಬಾಗಿಲುಗಳು

ನಮ್ಮ ಸೀಮೆ ಏನನ್ನು ಕೇಳುತ್ತದೆ? ತೋಟ ತೋಟಕ್ಕೂ ಕೊಳವೆ ಬಾವಿ, ಮೋಟಾರು, ವಿದ್ಯುತ್ ತಂತಿ. ಮನೆ ಮನೆಗೂ ಬೈಕು. ಇವು ಕೆಟ್ಟರೆ ಸರಿಮಾಡುವ ಕೈಗಳು ಬೇಕು. ಐ.ಟಿ.ಐ. ಶಾಲೆಗಳಲ್ಲಿ ಈ ಕೆಲಸಗಳನ್ನು ಕಲಿಸುತ್ತಾರೆ. ಕೆಲವು ಕಸುಬುಗಳಿಗೆ 10ನೆಯ ತರಗತಿ ಪಾಸಾಗಿರಬೇಕು. ಕೆಲವಕ್ಕೆ 8ನೆಯದೇ ಸಾಕು. ಮೊದಲ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತಪ್ಪಿದವರು ಅದೇ ವರುಷ ಮತ್ತೆ ಬರೆಯಬಹುದು. ಹೀಗಿರಲಾಗಿ ಒಂದು ಸೋಲನ್ನು ಕಡೆಯ ತೀರ್ಪೆಂದು ಎಣಿಸಬಾರದು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಅಭ್ಯಾಸ ಮಾಡುವವನಿಗೆ ಕಲಿಯುವ ಕಾಲದಲ್ಲಿಯೂ ಭತ್ಯ ದೊರೆಯುತ್ತದೆ.

18 ತುಂಬಿದವರಿಗೆ ಬೇರೆ ದಾರಿಯೂ ಉಂಟು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಂತೆ ಬ್ಯಾಂಕುಗಳು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳನ್ನು ನಡಿಸುತ್ತವೆ. ಅಲ್ಲಿ ಊಟ ವಸತಿ ಸಹಿತ ಕಲಿಕೆ ಉಚಿತ. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಯಂತ್ರದ ಸಹಾಯದಿಂದ ಮರ ಹತ್ತುವದನ್ನೂ ಮರದ ಆರೈಕೆಯನ್ನೂ ಯುವಕರಿಗೆ ಕಲಿಸುತ್ತ ಬಂದಿದೆ. ನೋಡಿರಿ, ಮರವು ಅದೇ. ಆದರೆ ರೋಗವನ್ನು ಗುರುತಿಸಿ ಮದ್ದು ಮಾಡಬಲ್ಲವನು ಬರೀ ಕೂಲಿಯವನಲ್ಲ, ಕಸುಬುದಾರನು.

5. ಹೆತ್ತವರು ಮಾಡತಕ್ಕದ್ದು

ಪರೀಕ್ಷೆಯ ಫಲ ಬಂದ ಮೇಲಲ್ಲ, 9ನೆಯ ತರಗತಿಯಲ್ಲಿಯೇ ಆರಂಭಿಸಬೇಕು. ತಿಂಗಳಿಗೊಮ್ಮೆ ಉಪಾಧ್ಯಾಯರನ್ನು ಕಂಡು ಮಗನು ಎಷ್ಟು ದಿನ ತಪ್ಪಿದನೆಂದು ಕೇಳಿರಿ. ಕಾಯಿಯ ಎಣಿಕೆ, ಕೂಲಿಯ ಬಟವಾಡೆ, ಕೊಬ್ಬರಿಯ ತೂಕ ಇವುಗಳ ಲೆಕ್ಕವನ್ನು ಮಕ್ಕಳಿಂದಲೇ ಬರೆಯಿಸಿರಿ. ಶಾಲೆಯಲ್ಲಿ ಹೆದರಿಸಿದ ಗಣಿತವು ಅಲ್ಲಿ ಸ್ನೇಹವಾಗುವದು. ಹೇಳಿದ ಹೊತ್ತಿಗೆ ಬರುವದನ್ನೂ, ಹಿಡಿದ ಕೆಲಸ ಮುಗಿಸುವದನ್ನೂ, ಆಯುಧವನ್ನು ತೊಳೆದು ಇಡುವದನ್ನೂ ಮನೆಯಲ್ಲಿ ರೂಢಿಮಾಡಿರಿ. ಶಾಲೆಯ ದಾಖಲೆಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಹೆಸರು, ಜನ್ಮದಿನ ಒಂದೇ ಆಗಿವೆಯೋ ಎಂದು ಈಗಲೇ ನೋಡಿರಿ. ಒಂದು ಅಕ್ಷರದ ವ್ಯತ್ಯಾಸವು ಅರ್ಜಿಯ ದಿವಸ ತೊಡಕಾದೀತು. ಸೋತ ಮಗುವನ್ನು ಹತ್ತು ಜನರ ಮುಂದೆ ಹೀಯಾಳಿಸಬೇಡಿರಿ. ನಾಚಿಕೆಯು ಬಡತನದಷ್ಟೇ ಮಕ್ಕಳನ್ನು ಶಾಲೆಯಿಂದ ಓಡಿಸುತ್ತದೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಹಳ್ಳಿಯಲ್ಲಿ ಈ ವರುಷ ಶಾಲೆ ತಪ್ಪಿಸುತ್ತಿರುವ ಮಕ್ಕಳು ಯಾರು? ಅವರ ಮನೆಗೆ ಹೋಗುವವರು ಯಾರು?
2. ನಮ್ಮ ಊರಿನವರು ಯಾವ ಕೆಲಸಕ್ಕಾಗಿ ತಿಪಟೂರಿನಿಂದಲೋ ತುರುವೇಕೆರೆಯಿಂದಲೋ ಜನರನ್ನು ಕರಿಸುತ್ತಾರೆ? ಅದನ್ನು ನಮ್ಮ ಮಕ್ಕಳು ಕಲಿಯಬಾರದೋ?
3. ಕಲಿಯುವ ಒಂದೆರಡು ವರುಷ ಆ ಮಗುವಿನ ಕೂಲಿಯಿಲ್ಲದೆ ಮನೆ ನಡಿಯುವ ಹಾಗೆ ನೆರೆಯವರಾದ ನಾವು ಏನು ಮಾಡಬಲ್ಲೆವು?