ಪಟ್ಟಣದ ಕಸ ಹೊಲಕ್ಕೆ ಬರುವ ಮುನ್ನ



ಮಾಲ್ಡೀವ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರವೊಂದುಂಟು. ಅದರ ರಾಜಧಾನಿ ಮಾಲೆಯಲ್ಲಿ ಕಸ ಹಾಕಲು ಸ್ಥಳ ಸಾಲದೆ, 1992ರಿಂದ ಅದನ್ನು ಹತ್ತಿರದ ಆಳವಿಲ್ಲದ ಕಡಲಿಗೆ ಸುರಿಯತೊಡಗಿದರು. ಸುರಿದ ಕಸದ ಮೇಲೆಯೇ ತಿಲಫುಶಿ ಎಂಬ ಹೊಸ ದ್ವೀಪ ಎದ್ದಿತು! ಮೈಸೂರಿಗೆ ಅಂತಹ ಇಕ್ಕಟ್ಟಿಲ್ಲ, ಸುತ್ತ ಬೇಕಾದಷ್ಟು ಭೂಮಿ ಇದೆ ಎಂದು ಪಟ್ಟಣದವರು ಹೇಳಬಹುದು. ಆ ಭೂಮಿ ಯಾರದು? ನಮ್ಮ ನಿಮ್ಮದೇ ಅಲ್ಲವೇ? ಆದಕಾರಣ ಈ ವಿಷಯವನ್ನು ರೈತರೂ ತಿಳಿದಿರಬೇಕು.

ಮೈಸೂರು 2015 ಮತ್ತು 2016ರ ಸ್ವಚ್ಛತೆಯ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲನೆಯದಾಯಿತು. ಪೌರಕಾರ್ಮಿಕರು ಮನೆಮನೆಗೆ ಹೋಗಿ ಕಸ ಸಂಗ್ರಹಿಸುತ್ತಾರೆ. ಕುಂಬಾರಕೊಪ್ಪಲಿನ ಘಟಕದಲ್ಲಿ ಒಣಕಸವನ್ನು ಬಗೆಬಗೆಯಾಗಿ ಆರಿಸಿ ಮಾರುತ್ತಾರೆ, ಹಸಿಕಸವನ್ನು ಗೊಬ್ಬರ ಮಾಡುತ್ತಾರೆ. ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿಯೂ ದೊಡ್ಡ ಗೊಬ್ಬರದ ಘಟಕವಿದೆ. ಆದರೆ ಅಲ್ಲಿ ವರ್ಷಗಟ್ಟಲೆ ಬೆಳೆದ ಕಸದ ಗುಡ್ಡೆಯಿಂದ ಸುತ್ತಲಿನವರು ಪಟ್ಟ ಪಾಡು ಬಹುಮಂದಿಗೆ ಗೊತ್ತು. ಎರಡಕ್ಕೂ ಬರುವುದು ಒಂದೇ ಊರಿನ ಕಸ. ಬೆರೆತು ಬಂದರೆ ಗುಡ್ಡೆ. ಬೇರೆಬೇರೆಯಾಗಿ ಬಂದರೆ ಗೊಬ್ಬರ. ಈ ಬೇರ್ಪಡಿಸುವ ಕೆಲಸ ಪಟ್ಟಣದ ಅಡಿಗೆಮನೆಯಲ್ಲಿಯೇ ಆಗಬೇಕು. ಹೀಗೆಂದು 2016ರ ಘನತ್ಯಾಜ್ಯ ನಿಯಮಗಳೂ ವಿಧಿಸಿದವು.

ಅಗ್ಗವಾಗಿ ಸಿಕ್ಕಿತೆಂದು ಬೆರಕೆ ಕಸವನ್ನು ಹೊಲಕ್ಕೆ ಸುರಿಸಿಕೊಳ್ಳಬೇಡಿ. ನಾನು ಮೋಸಹೋದವನು. ಡಿಪ್ಲೊಮಾ ಮುಗಿಸಿ ಬಂದ ಹೊಸತರಲ್ಲಿ, ಒಬ್ಬರ ಮಾತು ನಂಬಿ, ಅರೆಕೊಳೆತ ಕಸವನ್ನು ಎರಡು ಟ್ರಾಕ್ಟರ್ ನಮ್ಮ ರಾಗಿ ಹೊಲಕ್ಕೆ ಹಾಕಿಸಿದೆ. ಒಂದು ತಿಂಗಳೊಳಗೆ ಪೈರು ಹಳದಿಗೆ ತಿರುಗಿತು. “ಓದ್ಕೊಂಡು ಬಂದು ಇದನ್ನೇನಪ್ಪ ಕಲ್ತಿದ್ದು?” ಎಂದರು ನಮ್ಮ ತಂದೆ. ಕಳೆ ಕೀಳುವ ಹೆಣ್ಣುಮಕ್ಕಳ ಕೈಗೆ ಇಂದಿಗೂ ಗಾಜಿನ ಚೂರು ಸಿಗುತ್ತದೆ.

ಪೈರು ಹಳದಿಯಾದುದೇಕೆ? ಹಸಿ ಕಸದಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದಲೇ ತೆಗೆದುಕೊಳ್ಳುತ್ತವೆ, ಪೈರಿಗೆ ಉಪವಾಸ. ಪೂರ್ತಿ ಕೊಳೆತ ಮೇಲೆ ಈ ಕಾಟವಿಲ್ಲ. ಆದ್ದರಿಂದಲೇ ಮಾರಾಟದ ಪಟ್ಟಣ ಗೊಬ್ಬರದಲ್ಲಿ ಇಂಗಾಲವು ಸಾರಜನಕದ 20 ಪಾಲಿಗಿಂತ ಕಡಿಮೆ ಇರಬೇಕೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಸಾರಜನಕ ಕನಿಷ್ಠ ನೂರಕ್ಕೆ 0.8, ರಂಜಕ 0.4, ಪೊಟ್ಯಾಷ್ 0.4 ಇರಬೇಕು. ಲೆಕ್ಕ ಹಾಕಿ: ಒಂದು ಟನ್ನಿನಲ್ಲಿ 8 ಕಿಲೋ ಸಾರಜನಕ, ಎಂದರೆ ಸುಮಾರು 17 ಕಿಲೋ ಯೂರಿಯಾದಲ್ಲಿರುವಷ್ಟು. ಅದೂ ಒಂದೇ ವರ್ಷದಲ್ಲಿ ಪೂರ್ತಿ ಸಿಗದು. ಆದರೆ ಮಣ್ಣು ತೇವ ಹಿಡಿಯುವ ಶಕ್ತಿಯನ್ನು ಯೂರಿಯಾ ಕೊಡಲಾರದು.

ಕೊಳ್ಳುವ ಮೊದಲು ಪರೀಕ್ಷಿಸುವುದು ಸುಲಭ. ರಾಶಿಯ ಒಳಗೆ ಕೈಯಿಡಿ. ಬಿಸಿಯಿದ್ದರೆ ಇನ್ನೂ ಕೊಳೆಯುತ್ತಿದೆ. ಮೂಸಿ ನೋಡಿ, ಮೊದಲ ಮಳೆಯ ಮಣ್ಣಿನ ವಾಸನೆ ಇರಬೇಕು, ಹುಳಿ ನಾತ ಕೂಡದು. ಒಂದು ಕುಂಡದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ, ಎರಡಕ್ಕೂ ಇಪ್ಪತ್ತಿಪ್ಪತ್ತು ಹುರುಳಿ ಕಾಳು ಹಾಕಿ. ಎರಡನೆಯದರಲ್ಲಿ ಮೊಳಕೆ ಕುಂಠಿತವಾದರೆ ಆ ಗೊಬ್ಬರ ಬೇಡ. ಸೀಸದಂತಹ ವಿಷಲೋಹ ಮಾತ್ರ ಕಣ್ಣಿಗೆ ಕಾಣದು. ಒಂದು ಕಿಲೋದಲ್ಲಿ ಅದು 100 ಮಿಲಿಗ್ರಾಂ ಮೀರಕೂಡದು. ಹಳೆಯ ಬ್ಯಾಟರಿ, ಬಣ್ಣದ ಡಬ್ಬ ಕಸಕ್ಕೆ ಬಿದ್ದರೆ ಅದು ಬರುತ್ತದೆ. ಪ್ರಯೋಗಾಲಯದ ಚೀಟಿ ಕೇಳಿ, ನಾಚಬೇಡಿ.

ನಮ್ಮ ಹಳ್ಳಿಯ ತಿಪ್ಪೆಯೂ ಈಗ ಮೊದಲಿನಂತಿಲ್ಲ. ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ ಅಲ್ಲಿಯೂ ಸೇರಿವೆ. ಬೆಂಗಳೂರಿನಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ ಗುಂಡಿಯ ಕ್ರಮ ‘ಬೆಂಗಳೂರು ವಿಧಾನ’ವೆಂದು ಹೆಸರಾಗಿದೆ. ಮೂರು ಅಡಿ ಆಳದ ಗುಂಡಿ ತೋಡಿ, ಅರ್ಧ ಅಡಿ ಕಸ ಹರಡಿ, ಮೇಲೆ ಸಗಣಿಯ ಬಗ್ಗಡ ಎರಚಿ, ಹೀಗೆ ಪದರ ಪದರವಾಗಿ ತುಂಬಿ, ಕೊನೆಗೆ ಕೆಸರು ಮೆತ್ತಿ ಮುಚ್ಚಿಬಿಡಿ. ಮಗುಚುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳು ಬೇಕು. ರಾಗಿ ಕೊಯ್ಲು ನಂತರ ಮುಚ್ಚಿದ ಗುಂಡಿ ಮರುವರ್ಷದ ರಾಗಿ ಬಿತ್ತನೆಯ ಹೊತ್ತಿಗೆ ಸಿದ್ಧವಾಗಿರುತ್ತದೆ. ಮುಚ್ಚುವ ಮೊದಲು ಪ್ಲಾಸ್ಟಿಕ್ ಆರಿಸುವುದನ್ನು ಮನೆಯ ಮಕ್ಕಳಿಗೆ ವಹಿಸಿ. ಅವರ ಕಣ್ಣು ಚುರುಕು.