ಕೊಡುವುದಾದರೆ ಕೂಗಳತೆಯಲ್ಲಿ ಕೊಡಿ

ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳ ಸಂಬಳ ಕೈಗೆ ಬಂದ ಮೇಲೆ ಊರಿಗೆ ಬರುವ ಹುಡುಗ ಹುಡುಗಿಯರಲ್ಲಿ ಅನೇಕರು ನನ್ನ ಹತ್ತಿರ ಒಂದು ಪ್ರಶ್ನೆ ತರುತ್ತಾರೆ: "ಏನಾದರೂ ಒಳ್ಳೆಯ ಕೆಲಸಕ್ಕೆ ಕೊಡಬೇಕು ಅನ್ನಿಸ್ತಿದೆ ಸಾರ್, ಯಾರಿಗೆ ಕೊಡೋದು?" ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ನಮ್ಮ ತಾಲ್ಲೂಕಿನ ಒಂದು ಉಚಿತ ವಿದ್ಯಾರ್ಥಿನಿಲಯದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ; ಉತ್ತರ ನನಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ, ಸ್ವಂತಕ್ಕೆ ಇನ್ನೂ ಏನೂ ಮಾಡಿಕೊಳ್ಳದಿರುವಾಗಲೇ ಹೀಗೆ ಕೇಳುವ ಮಕ್ಕಳನ್ನು ಕಂಡರೆ ಮನಸ್ಸು ತುಂಬಿ ಬರುತ್ತದೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೂಗಳತೆಯಲ್ಲಿ ಕೊಡಿ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಮರಳಬಹುದು ಎನ್ನುವಷ್ಟು ಹತ್ತಿರದಲ್ಲಿ. ನೀವು ಅಕ್ಷರ ಕಲಿತ ಸರ್ಕಾರಿ ಶಾಲೆ, ಅಜ್ಜಿಯನ್ನು ಸೇರಿಸಿದ್ದ ತಾಲ್ಲೂಕು ಆಸ್ಪತ್ರೆ, ಪರೀಕ್ಷೆಗೆ ಓದಲು ಕೂರುತ್ತಿದ್ದ ಗ್ರಂಥಾಲಯ, ಊರ ಕೆರೆ, ಬಸ್ ಸ್ಟ್ಯಾಂಡಿನ ಹಿಂದಿನ ವೃದ್ಧಾಶ್ರಮ. ದೂರದವರ ಕಷ್ಟ ಸಣ್ಣದು ಅಂತಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣಾ, ಮಲಪ್ರಭಾ ತೀರದ ಊರುಗಳು ಮುಳುಗಿದಾಗ ನಾಡಿನ ಎಲ್ಲ ಕಡೆಯಿಂದ ಲಾರಿಗಳು ಹೋದವು, ಹೋಗಲೇಬೇಕಿತ್ತು. ಆದರೆ ನಿಮ್ಮ ತಾಲ್ಲೂಕಿನ ಹಾಸ್ಟೆಲಿನ ಉಗ್ರಾಣದಲ್ಲಿ ಅಕ್ಕಿ ತಳ ಕಂಡಿದ್ದನ್ನು ಯಾವ ಟಿವಿಯೂ ತೋರಿಸುವುದಿಲ್ಲ. ಅದು ಗೊತ್ತಾಗುವುದು ಹೋಗಿ ಬಂದು ಮಾಡುವವರಿಗೆ ಮಾತ್ರ. ನೀವು ನೋಡದಿದ್ದರೆ ಅದನ್ನು ನೋಡುವ ಇನ್ನೊಬ್ಬರು ಇರುವುದಿಲ್ಲ.

ಹತ್ತಿರದಲ್ಲೇ ಹತ್ತು ಕೆಲಸಗಳಿರುವಾಗ ಯಾವುದನ್ನು ಹಿಡಿಯುವುದು? ನಿಮಗೆ ಎಲ್ಲಿ ಚುಚ್ಚುತ್ತದೋ ಅದನ್ನು. ಹರೇಕಳ ಹಾಜಬ್ಬನವರನ್ನು ನೋಡಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನಿಂತ ಸಂಕಟ ಅವರನ್ನು ಬಿಡಲಿಲ್ಲ. ತಮಗೆ ಸಿಗದ ಶಾಲೆ ತಮ್ಮೂರಿನ ನ್ಯೂಪಡ್ಪುವಿನ ಮಕ್ಕಳಿಗಾದರೂ ಸಿಗಲಿ ಎಂದು ಕಚೇರಿಯಿಂದ ಕಚೇರಿಗೆ ಅಲೆದರು, ಹಣ್ಣು ಮಾರಿದ ದುಡ್ಡು ಕೂಡಿಟ್ಟರು. ಮದರಸಾದ ಜಾಗದಲ್ಲಿ 28 ಮಕ್ಕಳೊಂದಿಗೆ ಶುರುವಾದದ್ದು ಮುಂದೆ ಪ್ರೌಢಶಾಲೆಯವರೆಗೆ ಬೆಳೆಯಿತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದಾಗ ಎಲ್ಲರೂ ಅವರ ಬಡತನದ ಬಗ್ಗೆ ಬರೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಕೆಲಸವನ್ನು ಆರಿಸಿಕೊಂಡ ಬಗೆ. ಅವರ ನೋವು, ಅವರ ಊರು, ಒಂದೇ ಕೆಲಸ. ಅದನ್ನು ಹಿಡಿದವರು ಕೈಬಿಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊತ್ತಿಗೆ ಸರಿಯಾಗಿ ರಕ್ತ ಸಿಗದೆ ಪರದಾಡಿದ್ದರೆ ರಕ್ತನಿಧಿಯ ಕೆಲಸ ನಿಮ್ಮದು. ಅಕ್ಕ ಹತ್ತನೇ ತರಗತಿಗೇ ಓದು ಬಿಟ್ಟಿದ್ದರೆ ಹೆಣ್ಣುಮಕ್ಕಳ ಹಾಸ್ಟೆಲು ನಿಮ್ಮದು. ಯಾರೋ ಹೇಳಿದರು ಅಂತ ಕೊಟ್ಟದ್ದು ಎರಡು ವರ್ಷ ನಡೆಯುವುದಿಲ್ಲ.

ಏನು ಕೊಡಬೇಕು ಎಂದು ತಿಳಿಯಲು ಈಗ ನಮ್ಮ ನಿಲಯದ ಉಗ್ರಾಣಕ್ಕೆ ಬನ್ನಿ. ಇದನ್ನು ನೀವು ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಆಸೆ. ಗೋಡೆಯ ಉದ್ದಕ್ಕೂ ದಾನಿಗಳ ಹೆಸರು ಬರೆದ ಫ್ಯಾನುಗಳಿವೆ, ಬೆಂಚುಗಳಿವೆ, ಎರಡು ಗೋಡೆ ಗಡಿಯಾರಗಳಿವೆ, ಕಟ್ಟು ಬಿಚ್ಚದ ಸ್ಕೂಲ್ ಬ್ಯಾಗುಗಳಿವೆ. ಪಕ್ಕದ ಕಪಾಟಿನಲ್ಲಿ ಸೋಪು ಇರುವುದಿಲ್ಲ. ಮಳೆಗಾಲದಲ್ಲಿ ಒಂದು ಮಗುವಿಗೆ ಕಜ್ಜಿ ಬಂತೆಂದರೆ ವಾರದೊಳಗೆ ಕೋಣೆಯಿಡೀ ಕೆರೆದುಕೊಳ್ಳುತ್ತದೆ. ಎಲ್ಲರಿಗೂ ಒಟ್ಟಿಗೆ ಮುಲಾಮು ಹಚ್ಚಬೇಕು, ಹೊದಿಕೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಅದಕ್ಕೆ ಸೋಪು, ಸೌದೆ, ಮುಲಾಮು ಬೇಕು. ಶೌಚಗುಂಡಿ ತುಂಬಿದಾಗ ಗಾಡಿ ಕರೆಸಬೇಕು. ಕರೆಂಟ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಅಡುಗೆಯವರಿಗೂ ಮನೆ ಮಕ್ಕಳಿದ್ದಾರೆ, ಅವರ ಸಂಬಳ ತಡವಾಗಬಾರದು. ಇವಕ್ಕೆಲ್ಲ ಹೆಸರು ಬರೆಸುವ ಹಲಗೆ ಇಲ್ಲ. ಮಕ್ಕಳು ನೆಮ್ಮದಿಯಾಗಿ ಓದುವುದು ಇವುಗಳಿಂದಲೇ.

ಅಕ್ಕಿಯ ಲೆಕ್ಕ ಹೇಳುತ್ತೇನೆ. ಸರ್ಕಾರದ ಬಿಸಿಯೂಟದ ಅಳತೆಯಲ್ಲಿ ಆರರಿಂದ ಎಂಟನೇ ತರಗತಿಯ ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿ. ಎರಡು ಹೊತ್ತಿಗೆ 300 ಗ್ರಾಂ. ಅರವತ್ತು ಮಕ್ಕಳಿದ್ದರೆ ದಿನಕ್ಕೆ 18 ಕಿಲೋ, ತಿಂಗಳಿಗೆ ಐದೂವರೆ ಕ್ವಿಂಟಲಿನ ಸಮೀಪ. ನಮ್ಮ ಕಡೆ ರಾತ್ರಿ ಮುದ್ದೆ ಮಾಡುವುದರಿಂದ ಅದರಲ್ಲಿ ಒಂದು ಪಾಲು ರಾಗಿ. ಇದು ಪ್ರತಿ ತಿಂಗಳ ಖರ್ಚು. ಆದರೆ ದಾನ ಪ್ರತಿ ತಿಂಗಳೂ ಬರುವುದಿಲ್ಲ. ಹುಟ್ಟುಹಬ್ಬ, ವಾರ್ಷಿಕ ತಿಥಿ, ಮದುವೆಯ ದಿನ ಇವುಗಳನ್ನು ನೋಡಿಕೊಂಡು ಬರುತ್ತದೆ. ಒಂದೊಂದು ಭಾನುವಾರ ಬೆಳಿಗ್ಗೆ ಒಬ್ಬರ ಕೇಸರಿಬಾತು, ಸಂಜೆ ಇನ್ನೊಬ್ಬರ ಕೇಕು. ಮಕ್ಕಳು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಅದೇ ತಿಂಗಳ ಕೊನೆಗೆ ಅಂಗಡಿಯವರ ಹತ್ತಿರ ಬೇಳೆಗೆ ಸಾಲ ಹೇಳಬೇಕಾಗುತ್ತದೆ. ಪ್ರೀತಿಯಿಂದ ಸಿಹಿ ತರುವವರನ್ನು ಬೇಡ ಅನ್ನುವುದಿಲ್ಲ. ತರುವ ಮುಂಚೆ ಒಂದು ಫೋನು ಮಾಡಿ, "ಈ ತಿಂಗಳು ಏನು ಬೇಕಾಗಿದೆ?" ಎಂದು ಕೇಳಿ. ಸೋಪು, ತೆಂಗಿನೆಣ್ಣೆ, ಗ್ಯಾಸ್ ಸಿಲಿಂಡರು ಅಂತ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳದೆ ಅದನ್ನೇ ಕೊಡಿ.

ಸ್ವಲ್ಪವೇ ಆದರೂ ತಪ್ಪದೆ ಕೊಡುವುದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಒಲೆಗೆ ಎಸರಿಡುವ ಮುಂಚೆ ಮನೆಯಾಕೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವಳು. ತಿಂಗಳಿಗೊಮ್ಮೆ ಮಠದವರೋ ಸಂಘದವರೋ ಬಂದು ಒಯ್ಯುವರು. ಒಂದು ಹಿಡಿ ಐವತ್ತು ಗ್ರಾಂ ಅಂದರೂ ಮನೆಗೆ ತಿಂಗಳಿಗೆ ಒಂದೂವರೆ ಕಿಲೋ. ಕೊಟ್ಟ ಮನೆಗೆ ಭಾರವಾಗದು, ಉಂಡವರಿಗೆ ತಪ್ಪದು. ಊರಿನಿಂದ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಬೆಳೆದದ್ದೂ ಹೀಗೆಯೇ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಸುಮಾರು 10,000 ಮಕ್ಕಳಿಗೆ ಜಾತಿ ಕೇಳದೆ ಅನ್ನ, ವಸತಿ, ವಿದ್ಯೆ ನಡೆಸಿದರು. ಅದರ ಹಿಂದೆ ಎಷ್ಟೋ ಹಳ್ಳಿಯ ರೈತರ ಪಾಲಿದೆ. ಸುಗ್ಗಿಯಾದ ಮೇಲೆ ಬೆಳೆದದ್ದರಲ್ಲಿ ಮಠದ್ದೆಂದು ರಾಗಿ ಎತ್ತಿಡುವ ಮನೆಗಳು ನಮ್ಮ ಸೀಮೆಯಲ್ಲಿ ಇಂದಿಗೂ ಇವೆ.

ದೊಡ್ಡ ಸಂಸ್ಥೆ ಕಟ್ಟಲು ಸಿರಿವಂತರೇ ಬೇಕು ಅನ್ನುವ ಮಾತನ್ನು ಒಪ್ಪಬೇಡಿ. ಶಿರಸಂಗಿಯ ಲಿಂಗರಾಜರಂಥ ದೇಸಾಯಿಗಳು ಆಸ್ತಿಯನ್ನೇ ಬಡ ಮಕ್ಕಳ ಓದಿಗೆ ಬರೆದಿಟ್ಟದ್ದು ನಿಜ, ಅದು ಸಣ್ಣ ಮಾತಲ್ಲ. ಆದರೆ 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆಗೆ ಕೈಹಾಕಿದವರು ಏಳು ಮಂದಿ ಶಿಕ್ಷಕರು. ಸಪ್ತರ್ಷಿಗಳೆಂದು ಈಗ ಕರೆಯುತ್ತೇವೆ. ಆಗ ಅವರು ನಿಮ್ಮಂತೆ ತಿಂಗಳ ಸಂಬಳ ನೋಡಿಕೊಂಡು ಬದುಕುತ್ತಿದ್ದ ತರುಣರು.

ಅದಕ್ಕೇ ಹೇಳುತ್ತೇನೆ, ಸಂಬಳದಲ್ಲಿ ನೂರಕ್ಕೆ ಒಂದರಿಂದ ಶುರು ಮಾಡಿ. 40,000 ಬರುತ್ತಿದ್ದರೆ 400. ತಿಂಗಳ ಐದನೇ ತಾರೀಕು ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ನಿಮ್ಮ ಬ್ಯಾಚಿನ ಐವತ್ತು ಜನ ಹೀಗೆ ಮಾಡಿದರೆ ತಿಂಗಳಿಗೆ 20,000. ವರ್ಷಕ್ಕೊಮ್ಮೆ ಯಾರೋ ಕೊಡುವ ಲಕ್ಷಕ್ಕಿಂತ ಲೆಕ್ಕ ಬರೆಯುವವನಿಗೆ ಈ ಇಪ್ಪತ್ತು ಸಾವಿರದ ಮೇಲೆ ಹೆಚ್ಚು ಭರವಸೆ. ಮನೆಯಲ್ಲಿ ಅಪ್ಪ ಅಮ್ಮ "ಮೊದಲು ನಿನ್ನ ಕಾಲ ಮೇಲೆ ನಿಂತುಕೋ" ಅನ್ನಬಹುದು. ಅವರ ಮಾತಿನಲ್ಲಿ ಹುರುಳಿದೆ. ಶಿಕ್ಷಣದ ಸಾಲದ ಕಂತು, ಮನೆಗೆ ಕಳಿಸುವ ಹಣ, ಆಪತ್ತಿಗೆ ಒಂದಿಷ್ಟು ಉಳಿತಾಯ ಇವು ಮೊದಲು. ಸಾಲ ಮಾಡಿ ದಾನ ಮಾಡಬೇಡಿ. ನೂರು ರೂಪಾಯಿ ಮಾತ್ರ ಸಾಧ್ಯವಾದರೆ ನೂರೇ ಕೊಡಿ, ನಿಲ್ಲಿಸದೆ ಕೊಡಿ.

ಕೊಡುವ ಮುಂಚೆ ನೋಡಿ. ಟ್ರಸ್ಟಿನ ನೋಂದಣಿ ಪತ್ರ, ಹಿಂದಿನ ವರ್ಷದ ಆಡಿಟ್ ವರದಿ ಕೇಳುವುದು ಅವಮಾನವಲ್ಲ. ನೆಟ್ಟಗಿರುವವರು ಸಂತೋಷದಿಂದ ತೋರಿಸುತ್ತಾರೆ, "ನಂಬಿಕೆ ಇಲ್ಲವಾ?" ಎಂದು ಮುಖ ಗಂಟಿಕ್ಕುವ ಕಡೆಯಿಂದ ಎದ್ದು ಬನ್ನಿ. ರಸೀದಿ ತೆಗೆದುಕೊಳ್ಳಿ. ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಹೇಗೂ ಸಿಗುವುದಿಲ್ಲ. ಹೊರದೇಶದಲ್ಲಿರುವವರಿಗೆ ಒಂದು ಎಚ್ಚರಿಕೆ: ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ಕಾನೂನಿನಲ್ಲಿ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಣ್ಣ ಟ್ರಸ್ಟು ಅದನ್ನು ಮುಟ್ಟಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರೀತಿಯಿಂದ ಕಳಿಸಿದ ಹಣ ಊರಿನವರನ್ನು ಕಷ್ಟಕ್ಕೆ ದೂಡಬಾರದು.

ಇನ್ನೊಂದು ಮಾತು ಕೈಮುಗಿದು ಕೇಳುತ್ತೇನೆ. ಅನಾಥಾಲಯಕ್ಕೋ ಬಾಲಮಂದಿರಕ್ಕೋ ಹೋದಾಗ ಮಕ್ಕಳ ಫೋಟೊ ತೆಗೆದು ಎಲ್ಲೂ ಹಂಚಬೇಡಿ. ಪೋಷಣೆ, ರಕ್ಷಣೆ ಬೇಕಾದ ಮಗುವಿನ ಗುರುತನ್ನು ಬಹಿರಂಗ ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಒತ್ತಟ್ಟಿಗಿರಲಿ, ಏಳನೇ ತರಗತಿಯ ಹುಡುಗಿಯನ್ನು ಸಾಲಿನಲ್ಲಿ ನಿಲ್ಲಿಸಿ, ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು "ಈ ಕಡೆ ನೋಡು" ಎಂದಾಗ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೇನೆ. ನಾಳೆ ಅವಳ ತರಗತಿಯವರು ಆ ಚಿತ್ರ ನೋಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ದುಡ್ಡಿಲ್ಲದಿದ್ದರೂ ಕೊಡಲು ನಿಮ್ಮಲ್ಲಿ ತುಂಬಾ ಇದೆ. 18 ತುಂಬಿದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಕಾಲೇಜುಗಳಿಗೆ ರಜೆ ಬಂದು ಶಿಬಿರಗಳು ನಿಲ್ಲುವ ಬೇಸಿಗೆಯಲ್ಲಿ ರಕ್ತನಿಧಿಗಳು ಬರಿದಾಗುತ್ತವೆ; ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಥಲಸ್ಸೀಮಿಯಾ ಇರುವ ಮಗುವಿಗೆ ರಜೆಯಿಲ್ಲ, ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ ಕೊಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಹರಿದ ಗೈಡುಗಳನ್ನು ಸಾಗಹಾಕದೆ, ಊರಿನ ಮಕ್ಕಳು ಕೇಳುವ ಸ್ಪರ್ಧಾ ಪರೀಕ್ಷೆಯ ಹೊಸ ಪುಸ್ತಕ, ಒಳ್ಳೆಯ ಕಥೆ ಕಾದಂಬರಿ ಕೊಂಡು ಕೊಡಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಬರೆಸಿ ಹಂಚಿದ ನಾಡು ಇದು. ಲೆಕ್ಕ ಬಲ್ಲವರು ಹತ್ತನೇ ತರಗತಿಯ ಹುಡುಗರಿಗೆ ಭಾನುವಾರ ಎರಡು ಗಂಟೆ ಗಣಿತ ಹೇಳಿಕೊಡಿ. ಕಂಪ್ಯೂಟರ್ ಬಲ್ಲವರು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದು ಹಣ ನಿಂತುಹೋದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ.

ಒಳಗೆ ಬಂದ ಮೇಲೆ ಬೇಸರವೂ ಆಗುತ್ತದೆ. ಕಮಿಟಿಯಲ್ಲಿ ಜಗಳವಿರುತ್ತದೆ, ಯಾರೋ ಅಧ್ಯಕ್ಷಗಿರಿಗೆ ಹೊಡೆದಾಡುತ್ತಾರೆ, ನಿಮ್ಮ ಸಲಹೆಗೆ "ನಿನಗೇನು ಗೊತ್ತು, ನಿನ್ನೆ ಮೊನ್ನೆ ಬಂದವನು" ಎಂಬ ಉತ್ತರ ಸಿಗುತ್ತದೆ. ಆಗ ಬಿಟ್ಟು ಹೋಗಬೇಡಿ. ವಾರ್ಷಿಕ ಸಭೆಗೆ ಬನ್ನಿ, ಲೆಕ್ಕ ಕೇಳಿ, ಕಾರ್ಯದರ್ಶಿಯ ಕೆಲಸ ಖಾಲಿಯಾದಾಗ ಮುಂದೆ ಬಂದು ಹೊರಿ. ನಮ್ಮ ಕಮಿಟಿಯಲ್ಲಿ ಈಗ ಕೂತಿರುವವರೆಲ್ಲ ನನ್ನ ವಯಸ್ಸಿನವರು.

ಮೇ ಕೊನೆಯ ವಾರ, ಶಾಲೆ ಶುರುವಾಗುವ ಮುಂಚೆ, ನಮ್ಮಂಥ ನಿಲಯಗಳಲ್ಲಿ ಪ್ರವೇಶದ ಸಭೆ ಕೂರುತ್ತದೆ. ತಾಯಂದಿರು ಟ್ರಂಕಿನ ಸಮೇತ ಮಕ್ಕಳನ್ನು ಕರೆತಂದು ಜಗಲಿಯ ಮೇಲೆ ಕಾಯುತ್ತಿರುತ್ತಾರೆ. ಒಳಗೆ ನಾವು ಮೊದಲು ತೆರೆಯುವುದು ಅರ್ಜಿಗಳನ್ನಲ್ಲ, ತಿಂಗಳ ದೇಣಿಗೆಯ ಪಟ್ಟಿಯನ್ನು. ಖಂಡಿತ ಬರುವ ಹಣ ಎಷ್ಟಿದೆಯೋ ಅಷ್ಟೇ ಮಕ್ಕಳನ್ನು ತೆಗೆದುಕೊಳ್ಳಲು ಸಾಧ್ಯ. ಯಾವಾಗಲೋ ಬರಬಹುದಾದ ದೊಡ್ಡ ಮೊತ್ತವನ್ನು ನಂಬಿ ಒಂದು ಮಗುವನ್ನೂ ಸೇರಿಸಿಕೊಳ್ಳಲಾಗದು. ನಿಮ್ಮೂರಿನ ನಿಲಯಕ್ಕೋ ಶಾಲೆಗೋ ತಿಂಗಳಿಗೆ ಇಷ್ಟು ಎಂದು ಮನಸ್ಸು ಮಾಡಿದ್ದರೆ ಆ ಸಭೆಗೆ ಮುಂಚೆ ತಿಳಿಸಿ.