ನೋವು ಹೇಳಿಕೊಳ್ಳುವ ಜಾಗವೇ ಸಂಘ

*ಇಂದಿನ ಧಮ್ಮ ಚಿಂತನೆ*



ದಿನವೂ ತ್ರಿಶರಣ ಹೇಳುತ್ತೇವೆ. ಬುದ್ಧ ಯಾರು ಎಂದು ಕೇಳಿದರೆ ನಮ್ಮ ಮಕ್ಕಳೂ ಉತ್ತರ ಕೊಡುತ್ತಾರೆ. ಧಮ್ಮ ಎಂದರೇನು ಎಂದರೆ ಪಂಚಶೀಲ, ಅಷ್ಟಾಂಗ ಮಾರ್ಗ ಎನ್ನುತ್ತೇವೆ. ಮೂರನೆಯದಾದ ಸಂಘಕ್ಕೆ ಬಂದಾಗ ಮಾತ್ರ ಸ್ವಲ್ಪ ತಡವರಿಸುತ್ತೇವೆ. ಭಿಕ್ಖು ಸಂಘ ಗೊತ್ತು. ಆದರೆ ಸಂಸಾರಸ್ಥರಾದ ನಾವು ಭಾನುವಾರ ಸೇರುತ್ತೇವಲ್ಲ, ಈ ವಾಟ್ಸಾಪ್‌ನಲ್ಲಿ ಇದ್ದೇವಲ್ಲ, ಇದು ಸಂಘವೋ ಅಥವಾ ಬರೀ ಗುಂಪೋ? ಇದನ್ನು ಯೋಚಿಸಲು ಇಂದು ನಾರ್ವೆ ದೇಶದಲ್ಲಿ ನಡೆದ ಒಂದು ನಿಜಸಂಗತಿಯನ್ನು ನೋಡೋಣ.

*ಇಬೆಲಿನ್ ಎಂಬ ಗೆಳೆಯ*

ಮ್ಯಾಟ್ಸ್ ಸ್ಟೀನ್ ಎಂಬ ಹುಡುಗ 1989ರಲ್ಲಿ ಹುಟ್ಟಿದ. ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ. ಹುಟ್ಟಿನಿಂದಲೇ ಬರುವಂಥದ್ದು, ಹೆಚ್ಚಾಗಿ ಗಂಡುಮಕ್ಕಳಿಗೆ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ದೇಹದಲ್ಲಿ ತಯಾರಾಗುವುದಿಲ್ಲ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ, ಕೊನೆಗೆ ಉಸಿರಾಟ ಮತ್ತು ಹೃದಯ. ಬಾಲ್ಯದಲ್ಲೇ ಗಾಲಿಕುರ್ಚಿ ಹಿಡಿದ ಮ್ಯಾಟ್ಸ್, ಬೆಳೆದಂತೆ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಆಟ ಆಡುತ್ತ ದಿನ ಕಳೆದ. ಕೊನೆಕೊನೆಗೆ ಬೆರಳು ಅಲ್ಲಾಡಿಸುವುದಷ್ಟೇ ಅವನಿಗೆ ಸಾಧ್ಯವಿತ್ತು. 2014ರ ನವೆಂಬರ್ 18ರಂದು, 25ನೇ ವಯಸ್ಸಿನಲ್ಲಿ ತೀರಿಕೊಂಡ.

ಹೆತ್ತವರಿಗೆ ಸಾವಿನ ಜೊತೆಗೆ ಇನ್ನೊಂದು ಸಂಕಟವಿತ್ತು. ನಮ್ಮ ಮಗನಿಗೆ ಗೆಳೆಯರೇ ಇರಲಿಲ್ಲ, ಯಾರ ಬದುಕಿಗೂ ಅವನಿಂದ ಒಂದು ಉಪಯೋಗವಾಗಲಿಲ್ಲ, ಒಂಟಿಯಾಗಿಯೇ ಹೋದ ಎಂದುಕೊಂಡಿದ್ದರು. ಅವನು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದ ಜಾಗದಲ್ಲಿ ಸಾವಿನ ಸುದ್ದಿ ಹಾಕಿದರು. ಆಮೇಲೆ ಪತ್ರಗಳು ಬರತೊಡಗಿದವು. ಒಂದಲ್ಲ ಎರಡಲ್ಲ, ಬೇರೆ ಬೇರೆ ದೇಶಗಳಿಂದ, ಉದ್ದುದ್ದ ಪತ್ರಗಳು. ಎಲ್ಲರೂ 'ಇಬೆಲಿನ್' ಎಂಬ ಗೆಳೆಯನಿಗಾಗಿ ಅಳುತ್ತಿದ್ದರು.

ಇಬೆಲಿನ್ ಎಂದರೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಮ್ಯಾಟ್ಸ್ ಇಟ್ಟುಕೊಂಡಿದ್ದ ಹೆಸರು. ಆ ಆಟವನ್ನು ಲೋಕದ ಎಲ್ಲೆಲ್ಲಿಯವರೋ ಒಟ್ಟಿಗೆ ಸೇರಿ ಆಡುತ್ತಾರೆ, ಆಡುತ್ತಲೇ ಮಾತನಾಡುತ್ತಾರೆ. ಮ್ಯಾಟ್ಸ್ ಇದ್ದ ಬಳಗದ ಹೆಸರು 'ಸ್ಟಾರ್‌ಲೈಟ್'. ಅಲ್ಲಿ ಅವನ ಮುಖ್ಯ ಕೆಲಸ ಮಾತು ಕೇಳಿಸಿಕೊಳ್ಳುವುದು. ಡೆನ್ಮಾರ್ಕಿನ ಒಬ್ಬ ತಾಯಿ, ಆಟಿಸಂ ಇರುವ ತನ್ನ ಮಗ ಹತ್ತಿರ ಸೇರುವುದಿಲ್ಲ ಎಂದು ಅತ್ತುಕೊಂಡಾಗ, ಅವನನ್ನೂ ಆಟಕ್ಕೆ ಕರೆದು ಜೊತೆಗೆ ಆಡು ಎಂದು ಹೇಳಿಕೊಟ್ಟ. ತಾಯಿ ಮಗನ ನಡುವಿನ ದೂರ ಕಡಿಮೆಯಾಯಿತು. ನೆದರ್ಲೆಂಡ್ಸಿನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಹೆತ್ತವರು ಕಿತ್ತುಕೊಂಡು ಅವಳು ಮಂಕಾದಾಗ, ಅವಳ ಹೆತ್ತವರಿಗೇ ಒಂದು ಪತ್ರ ಬರೆದ.

*ಮುಚ್ಚಿಟ್ಟ ಮಾತು*

ಇಷ್ಟೆಲ್ಲ ಜನರ ಕಷ್ಟ ಕೇಳಿದ ಮ್ಯಾಟ್ಸ್ ತನ್ನ ಕಾಯಿಲೆಯನ್ನು ಮಾತ್ರ ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಧ್ವನಿಯಲ್ಲಿ ಮಾತನಾಡೋಣ ಎಂದರೂ ತಪ್ಪಿಸಿಕೊಳ್ಳುತ್ತಿದ್ದ. ಆಟದಲ್ಲಿ ಅವನು ಓಡುವವನು, ಎಲ್ಲರಂತೆ ಒಬ್ಬ ಮನುಷ್ಯ. ಗಾಲಿಕುರ್ಚಿ ಕಂಡರೆ ಜನ ತನ್ನನ್ನು ಬಿಟ್ಟು ಅದನ್ನೇ ನೋಡುತ್ತಾರೆ ಎಂಬ ಭಯ. ಒಳಗೇ ಇಟ್ಟುಕೊಂಡ ನೋವು ಸಿಡುಕಾಯಿತು. ಕೆಲವು ಗೆಳೆಯರ ಮನಸ್ಸು ನೋಯಿಸಿದ, ಆಮೇಲೆ ಕ್ಷಮೆ ಕೇಳಿದ.

ಈ ಭಯ ನಮಗೆ ಹೊಸದೇ? ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಪೈಕಿ?" ಎಂಬ ಪ್ರಶ್ನೆಗೆ ಗಂಟಲು ಒಣಗಿದವರು ಈ ಗುಂಪಿನಲ್ಲಿ ಎಷ್ಟು ಜನ ಇದ್ದೇವೆ! ಕಾಯಿಲೆ ಬೇರೆ, ಜಾತಿ ಬೇರೆ, ನಿಜ. ಆದರೆ ಗೊತ್ತಾದರೆ ಏನಾಗುತ್ತದೋ ಎಂಬ ಎದೆಬಡಿತ ಒಂದೇ.

1917ರಲ್ಲಿ ಬಾಬಾಸಾಹೇಬರು ವಿದೇಶದ ಓದಿನಿಂದ ಮರಳಿ ಬರೋಡಾಕ್ಕೆ ಕೆಲಸಕ್ಕೆ ಹೋದದ್ದು ನಮಗೆಲ್ಲ ಗೊತ್ತು. ಉಳಿಯಲು ಜಾಗ ಸಿಗದೆ ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ಛತ್ರದಲ್ಲಿ ಇದ್ದರು. ಹನ್ನೊಂದನೆಯ ದಿನ ಗುರುತು ಬಯಲಾಯಿತು. ದೊಣ್ಣೆ ಹಿಡಿದವರು ಬಾಗಿಲಿಗೆ ಬಂದರು. ಅಷ್ಟು ಓದಿದ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಕಣ್ಣೀರಿಟ್ಟು, ಊರೇ ಬಿಡಬೇಕಾಯಿತು.

ಮ್ಯಾಟ್ಸ್‌ನ ಗುಟ್ಟು ಬಯಲಾದಾಗ ಏನಾಯಿತು? ಸಾಯುವುದಕ್ಕೆ ಸುಮಾರು ಒಂದು ವರ್ಷ ಮೊದಲು ಅವನೇ ತನ್ನ ಕಾಯಿಲೆಯ ಬಗ್ಗೆ ಬರೆಯಲು ತೊಡಗಿದ. ಬಳಗದವರು ಓದಿದರು. ಯಾರೂ ದೂರ ಹೋಗಲಿಲ್ಲ, ಇನ್ನೂ ಹತ್ತಿರ ಬಂದರು. ಅವನು ಸತ್ತಾಗ ಅಂತ್ಯಸಂಸ್ಕಾರಕ್ಕೆ ಓಸ್ಲೋಗೆ ಹೋಗಲು ಹಣ ಇಲ್ಲದವರಿಗಾಗಿ ತಮ್ಮಲ್ಲೇ ಚಂದಾ ಎತ್ತಿದರು. ಬೇರೆ ದೇಶಗಳಿಂದ ಐದು ಜನ ಬಂದು, ಜೀವಂತವಾಗಿ ಒಮ್ಮೆಯೂ ಮುಖಾಮುಖಿ ಭೇಟಿಯಾಗದ ಗೆಳೆಯನನ್ನು ಕಳುಹಿಸಿಕೊಟ್ಟರು. ಶವಪೆಟ್ಟಿಗೆಯ ಮೇಲೆ ಸ್ಟಾರ್‌ಲೈಟ್ ಬಳಗದ ಬಾವುಟ ಹೊದಿಸಲಾಗಿತ್ತು. ಈ ಕಥೆಯನ್ನು ಬೆಂಜಮಿನ್ ರೀ ಎಂಬ ನಿರ್ದೇಶಕ 2024ರಲ್ಲಿ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅನುಕೂಲ ಇರುವವರು ನೆಟ್‌ಫ್ಲಿಕ್ಸ್‌ನಲ್ಲಿ ನೋಡಿ.

ಸತ್ಯ ಗೊತ್ತಾದಾಗ ದೊಣ್ಣೆ ಎತ್ತುವುದು ಜಾತಿ. ಸತ್ಯ ಗೊತ್ತಾದಾಗ ಇನ್ನಷ್ಟು ಹತ್ತಿರ ಕೂರುವುದು ಮೈತ್ರಿ.

*ಭಗವಾನರು ತೊಳೆದ ಮೈ*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಖು ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ. ಬುದ್ಧರು ಆನಂದನ ಜೊತೆ ಅಲ್ಲಿಗೆ ಬಂದು, ನಿನ್ನನ್ನು ಯಾರೂ ನೋಡಿಕೊಳ್ಳುತ್ತಿಲ್ಲವೇ ಎಂದು ಕೇಳಿದರು. ನಾನು ಉಳಿದ ಭಿಕ್ಖುಗಳಿಗೆ ಏನೂ ಮಾಡಿಕೊಟ್ಟಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದ ಅವನು. ಬುದ್ಧರು ನೀರು ಹೊಯ್ದರು, ಆನಂದ ಮೈ ತೊಳೆದ. ಒಬ್ಬರು ತಲೆ ಹಿಡಿದು, ಒಬ್ಬರು ಕಾಲು ಹಿಡಿದು ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಖುಗಳನ್ನೆಲ್ಲ ಸೇರಿಸಿ, ನಿಮಗಿಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ ಎಂಬ ಅರ್ಥದ ಮಾತು ಹೇಳಿದರು. ರೋಗಿಯ ಸೇವೆ ತಮ್ಮ ಸೇವೆಯೇ ಎಂದರು.

ಮ್ಯಾಟ್ಸ್ ಕೊಟ್ಟಿದ್ದ, ಅದಕ್ಕೇ ಪಡೆದ ಎಂದು ಯಾರಾದರೂ ಹೇಳಬಹುದು. ಈ ಭಿಕ್ಖು ಏನನ್ನೂ ಕೊಟ್ಟಿರಲಿಲ್ಲ. ಬುದ್ಧರು ಅವನ ಲೆಕ್ಕಪುಸ್ತಕ ನೋಡಲಿಲ್ಲ.

ಇದೇ ಪ್ರಸಂಗದ ಮುಂದಿನ ಭಾಗವನ್ನು ನಾವು ಹೆಚ್ಚಾಗಿ ಓದುವುದಿಲ್ಲ. ಶುಶ್ರೂಷೆ ಮಾಡುವವನಲ್ಲಿ ಇರಬೇಕಾದ ಐದು ಗುಣಗಳಂತೆ ರೋಗಿಯಲ್ಲಿ ಇರಬೇಕಾದ ಐದು ಗುಣಗಳನ್ನೂ ಬುದ್ಧರು ಹೇಳಿದ್ದಾರೆ. ಅದರಲ್ಲಿ ಒಂದು, ತನ್ನ ಹಿತ ಬಯಸುವವರ ಬಳಿ ಕಾಯಿಲೆ ಹೇಗಿದೆಯೋ ಹಾಗೆ ಹೇಳುವುದು: ಹೆಚ್ಚಾಗಿದ್ದರೆ ಹೆಚ್ಚಾಗಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ. ಕೇಳುವುದು ಸಂಘದ ಧರ್ಮವಾದರೆ ಹೇಳಿಕೊಳ್ಳುವುದೂ ಧರ್ಮವೇ. ಹೇಳಿಕೊಳ್ಳುವುದು ನಾಚಿಕೆಗೇಡಲ್ಲ.

*ನಮ್ಮ ಗುಂಪಿನ ಮಾತು*

ಹಿಂದೆ ನಾನಿದ್ದ ಇನ್ನೊಂದು ಅಧ್ಯಯನ ಬಳಗದಲ್ಲಿ ಒಬ್ಬ ಹಿರಿಯರಿದ್ದರು. ಬೆಳಿಗ್ಗೆ ಐದೂವರೆಗೆ ಅವರ ಜೈ ಭೀಮ್ ಬಂದರೇನೇ ನಮಗೆ ಬೆಳಗು. ಒಮ್ಮೆ ಮೂರು ವಾರ ಬರಲಿಲ್ಲ. ಫೋನ್ ಕೆಟ್ಟಿರಬೇಕು ಎಂದುಕೊಂಡೆ. ಒಂದು ಕರೆ ಮಾಡಲು ನನಗೆ ಪುರುಸೊತ್ತಾಗಲಿಲ್ಲ. ಕೊನೆಗೆ ಮನೆಗೆ ಹೋದರೆ ಆಳು ಅರ್ಧವಾಗಿದ್ದರು. ಕ್ಯಾನ್ಸರ್. ಯಾಕೆ ಸರ್ ಹೇಳಲಿಲ್ಲ ಎಂದೆ. "ಎಲ್ರೂ ಒಳ್ಳೊಳ್ಳೆ ಮಾತು ಹಾಕ್ತಿರ್ತೀರಿ. ಅದರ ಮಧ್ಯೆ ನನ್ನ ಗೋಳು ಯಾಕೆ ಅಂತ" ಎಂದರು.

ಮೇಷ್ಟ್ರಾಗಿ ಎಷ್ಟೋ ಪಾಠ ಮಾಡಿದ್ದೇನೆ, ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ದಿನಾ ಮೈತ್ರಿಯ ಬಗ್ಗೆ ಬರೆದು ಕಳುಹಿಸುತ್ತಿದ್ದೆವು. ಆದರೆ ಒಬ್ಬ ಮನುಷ್ಯ ತನ್ನ ಕಷ್ಟ ಹೇಳಿಕೊಳ್ಳಲು ಅಲ್ಲಿ ಒಂದು ಸಾಲಿನಷ್ಟು ಜಾಗ ಉಳಿಸಿರಲಿಲ್ಲ. ಅವರ ಒಪ್ಪಿಗೆ ಕೇಳಿ ಬಳಗಕ್ಕೆ ತಿಳಿಸಿದೆ. ಒಬ್ಬರು ಆಸ್ಪತ್ರೆಗೆ ಆಟೋ ಹೊಡೆದರು, ಇಬ್ಬರು ಸರದಿಯಲ್ಲಿ ರಾತ್ರಿ ಉಳಿದರು, ಒಬ್ಬ ಹುಡುಗಿ ದಿನವೂ ಧಮ್ಮಪದ ಓದಿ ಧ್ವನಿ ಕಳುಹಿಸಿದಳು. ಅವರು ಉಳಿಯಲಿಲ್ಲ. ಆದರೆ ಒಂಟಿಯಾಗಿ ಹೋಗಲಿಲ್ಲ. ಆ ಮೂರು ವಾರ ಮಾತ್ರ ನನ್ನ ಲೆಕ್ಕದಲ್ಲಿ ಹಾಗೇ ಉಳಿದಿದೆ.

*ಇಂದಿನ ಅಭ್ಯಾಸ*

1. ಈ ಗುಂಪಿನಲ್ಲಿ ಇತ್ತೀಚೆಗೆ ಮಾತು ನಿಲ್ಲಿಸಿದವರು ಯಾರು? ಒಬ್ಬರ ಹೆಸರು ನೆನಪಿಸಿಕೊಳ್ಳಿ. ಇಂದು ಸಂಜೆಯೊಳಗೆ ಅವರಿಗೆ ಕರೆ ಮಾಡಿ. ಸಂದೇಶ ಸಾಲದು, ಧ್ವನಿ ಕೇಳಿಸಲಿ.

2. ಅವರು ಕಷ್ಟ ಹೇಳಿದರೆ ಕೂಡಲೇ ಉಪದೇಶ ಬೇಡ. ಮೊದಲು ಪೂರ್ತಿ ಕೇಳಿ. ಒಪ್ಪಿಗೆ ಇಲ್ಲದೆ ಗುಂಪಿನಲ್ಲಿ ಹಾಕಬೇಡಿ.

3. ಕೈಮುಗಿದ ಚಿತ್ರ ಕಳುಹಿಸಿದ ಮೇಲೆ ಕೈಯಿಂದ ಆಗುವ ಒಂದು ಕೆಲಸ ಹುಡುಕಿ. ಊಟ, ಔಷಧ, ಒಂದು ರಾತ್ರಿಯ ಜೊತೆ, ಯಾವುದಾದರೂ ಸರಿ.

4. ನೀವೇ ಏನಾದರೂ ಮುಚ್ಚಿಟ್ಟುಕೊಂಡಿದ್ದರೆ, ನಂಬಿಕೆ ಇರುವ ಒಬ್ಬರಿಗಾದರೂ ಇಂದು ಹೇಳಿ.

ಸಂಘಂ ಸರಣಂ ಎಂದು ನಾಳೆ ಬೆಳಿಗ್ಗೆ ಹೇಳುವಾಗ, ನನಗೆ ಶರಣು ಕೊಡುವ ಸಂಘ ಯಾವುದು ಎಂಬುದರ ಜೊತೆಗೆ ನಾನು ಯಾರಿಗೆ ಸಂಘವಾಗಿದ್ದೇನೆ ಎಂದೂ ಕೇಳಿಕೊಳ್ಳೋಣ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.